ಯಾವ ಪಕ್ಷದ ಚೀಟಿ ಕೊಡ್ಲಿ?

ಅಲಬಾಮಾದ ಆ ಕೌಂಟಿಯಲ್ಲಿ ಶೆರಿಫ್, ಅಂದರೆ ಪೊಲೀಸ್ ಮುಖ್ಯಸ್ಥ, ಯಾರಾಗಬೇಕೆಂಬುದು ನವೆಂಬರಿನ ಚುನಾವಣೆಯವರೆಗೆ ಕಾಯುವ ಮಾತಲ್ಲ. ಡೆಮಾಕ್ರಟರು ಯಾರನ್ನೂ ನಿಲ್ಲಿಸುವುದೇ ಇಲ್ಲ. ಪಕ್ಷದ ಅಭ್ಯರ್ಥಿಯನ್ನು ಆರಿಸುವ ಮೇ ತಿಂಗಳ ಒಳಚುನಾವಣೆಯಲ್ಲಿ ರಿಪಬ್ಲಿಕನ್ ಮತಚೀಟಿಯಲ್ಲಿ ಗೆದ್ದವನೇ ಶೆರಿಫ್. ಆ ಚೀಟಿಯನ್ನು ಯಾರು ಬೇಕಾದರೂ ಪಡೆಯಬಹುದು. ಆದರೆ ಮೇಜಿನ ಮುಂದೆ ನಿಂತು, ನಾಲ್ಕು ಜನ ಕೇಳುವಂತೆ ಪಕ್ಷದ ಹೆಸರು ಹೇಳಬೇಕು.

ಬಾಯ್ಡ್ ಸ್ಟ್ರಿಕ್‌ಲಂಡ್ ಮತದಾನದ ದಿನ ಬೆಳಿಗ್ಗೆ ಚರ್ಚಿನ ಸಭಾಂಗಣದಲ್ಲಿ ಸಾಲಿಗೆ ನಿಂತಿದ್ದ. ಪಶು ಆಹಾರದ ಅಂಗಡಿ ನಡೆಸಿ ನಿವೃತ್ತನಾದವನು. ಈಗಿನ ಶೆರಿಫ್‌ನ ಕೈಕೆಳಗಿನ ಪೊಲೀಸ್, ಡೆಪ್ಯೂಟಿ ರಾಯ್ಸ್ ಹಟ್ಟೊ ಶೆರಿಫ್ ಆಗಲೆಂದು ಮನೆಮನೆ ಅಲೆದವನು. ಅವನ ಮುಂದೆಯೇ ಪಕ್ಕದ ಮನೆಯ ಮಾರ್ವೆಲ್ಲಾ ಪೆಟ್‌ವೇ ಇದ್ದರು. ನರ್ಸ್ ಆಗಿದ್ದ ಕಪ್ಪು ಹೆಂಗಸು, ಹುಟ್ಟಾ ಡೆಮಾಕ್ರಟ್.

"ಯಾವ ಪಕ್ಷದ ಚೀಟಿ ಕೊಡ್ಲಿ, ಮಿಸ್ ಮಾರ್ವೆಲ್ಲಾ?" ಎಂದು ಮೇಜಿನ ಹಿಂದಿದ್ದ ಮತಗಟ್ಟೆಯವಳು ಕೇಳಿದಳು.

"ರಿಪಬ್ಲಿಕನ್."

ಬಾಯ್ಡನ ಕಿವಿ ನೆಟ್ಟಗಾಯಿತು. "ಏನಿದು ಮಿಸ್ ಮಾರ್ವೆಲ್ಲಾ! ಕೊನೆಗೂ ದೇವ್ರು ಕಣ್ಣು ತೆರೆಸಿದ್ನಾ?"

"ನನ್ನ ಕಣ್ಣು ಯಾವತ್ತೋ ತೆರೆಸಿದಾನೆ, ಮಿಸ್ಟರ್ ಬಾಯ್ಡ್. ಅದಕ್ಕೇ ಬಂದಿದ್ದು."

ಮತ ಹಾಕಿ ಬಂದ ಬಾಯ್ಡ್ ರಸ್ತೆಯಾಚೆ ತನ್ನ ಟ್ರಕ್ಕಿನಲ್ಲಿ ಕುಳಿತು ಬಾಗಿಲನ್ನೇ ನೋಡತೊಡಗಿದ. ಕ್ಷೌರದಂಗಡಿಯವನು ಬಂದ. ಮೆಥಡಿಸ್ಟ್ ಪಾದ್ರಿ ಬಂದರು. ಮೀನಿನ ಕೊಳ ನಡೆಸುವ ಅಣ್ಣತಮ್ಮಂದಿರು ಒಟ್ಟಿಗೇ ಬಂದರು. ಎಲ್ಲರೂ ಊರಿಗೇ ಗೊತ್ತಿದ್ದ ಡೆಮಾಕ್ರಟರು, ಮೇ ತಿಂಗಳಲ್ಲಿ ಎಂದೂ ಇತ್ತ ಸುಳಿಯದವರು. ಇವರಿಗೆಲ್ಲ ಒಂದೇ ದಿನ ರಿಪಬ್ಲಿಕನ್ ಚೀಟಿಯ ಮೇಲೆ ಪ್ರೀತಿ ಹುಟ್ಟಿತೇ? ಯಾರೋ ಕೂಡಿಸಿ ಹೇಳಿಕೊಟ್ಟಿರಬೇಕು. ಪಾದ್ರಿ ಕೈಬೀಸಿದ್ದು ಕೂಡ ಅಣಕದಂತೆ ಕಂಡಿತು. ಅವನು ಹಟ್ಟೊಗೆ ಫೋನ್ ಮಾಡಿದ.

"ರಾಯ್ಸ್, ಆ ಕಡೆಯೋರು ನಮ್ಮ ಚೀಟಿ ತಗೊಳ್ತಿದಾರೆ ಕಣೋ. ನಿನ್ನ ಕೆಡವೋಕೆ."

"ಯಾರ್ಯಾರು?"

"ಮಾರ್ವೆಲ್ಲಾ ಪೆಟ್‌ವೇನ ಕಣ್ಣಾರೆ ಕಂಡೆ."

"ಸರಿ, ಇನ್ನೂ ಹೇಳು. ಅವಳ ಮೊಮ್ಮಗ ದಿನಾ ಮಿಲ್ಲಿಗೆ ಹೋಗೋದು ನಾನು ಗಸ್ತು ಹೊಡೆಯೋ ರಸ್ತೇಲೇ. ಒಂದಿನ ಗಾಡಿ ನಿಲ್ಲಿಸಿ ಮಾತಾಡಿಸಿದ್ರಾಯ್ತು." ಹಟ್ಟೊ ನಕ್ಕ.

ಬಾಯ್ಡನಿಗೆ ನಗು ಬರಲಿಲ್ಲ. ಪಾದ್ರಿಯ ಹೆಸರು ನಾಲಿಗೆಯ ತುದಿಗೆ ಬಂದಿತ್ತು. "ಮತ್ತೆ ಮಾಡ್ತೀನಿ," ಎಂದು ಫೋನ್ ಇಟ್ಟುಬಿಟ್ಟ.

ಸಂಜೆ ಬಾರ್ಬೆಕ್ಯೂ ಹೋಟೆಲಿನಲ್ಲಿ ಹಟ್ಟೊನ ಕಡೆಯವರೆಲ್ಲ ಫಲಿತಾಂಶಕ್ಕೆ ಕಾಯುತ್ತಿದ್ದರು. ಹಟ್ಟೊ ಸೋತ, ಅದೂ ಹೀನಾಯವಾಗಿ. ಮೊದಮೊದಲು ಎಲ್ಲರೂ ಡೆಮಾಕ್ರಟರನ್ನು ಬೈದರು. ಆಮೇಲೆ ಗುಡ್ಡದಾಚೆಯ ಮತಗಟ್ಟೆಗಳ ಸುದ್ದಿ ಬಂತು. ಅಲ್ಲಿ ಹುಡುಕಿದರೂ ಒಬ್ಬ ಡೆಮಾಕ್ರಟ್ ಸಿಗುವುದಿಲ್ಲ. ಹಟ್ಟೊ ಅಲ್ಲೂ ಸೋತಿದ್ದ. ಜನ ಪಕ್ಕದಲ್ಲಿ ಕುಳಿತವರ ಮುಖವನ್ನು ಓರೆಗಣ್ಣಿನಿಂದ ನೋಡತೊಡಗಿದರು.

ಹಟ್ಟೊ ನೇರವಾಗಿ ಬಾಯ್ಡನ ಬಳಿ ಬಂದ. "ನಿನ್ನ ಹೆಂಡ್ತಿ ಯಾರಿಗೆ ಹಾಕಿದ್ಲು?"

"ನಾಲಿಗೆ ಬಿಗಿಹಿಡಿದು ಮಾತಾಡು," ಎಂದು ಬಾಯ್ಡ್ ಎದ್ದು ಹೊರಟ. ಆದರೆ ಹುಳ ಒಳಹೊಕ್ಕಾಗಿತ್ತು.

ಮನೆಯಲ್ಲಿ ಲಿನೆಟ್ ಅಡಿಗೆಮನೆಯ ಮೇಜಿನ ಮೇಲೆ ತರಕಾರಿ ಹೆಚ್ಚುತ್ತಿದ್ದಳು.

"ಯಾರಿಗೆ ಹಾಕ್ದೆ, ಲಿನೆಟ್?"

ಅವಳು ಚಾಕು ಕೆಳಗಿಟ್ಟಳು. "ರಾಯ್ಸ್‌ಗಂತೂ ಹಾಕಿಲ್ಲ. ಚಳಿಗಾಲದಲ್ಲಿ ನನ್ನ ತಂಗಿ ಮಗಳನ್ನ ಹೈವೇಲಿ ನಿಲ್ಲಿಸಿ, ಕಾರಿಂದ ಇಳಿಸಿ, ಏನೇನೋ ಅಂದು ಅಳಿಸಿದ್ದ ಅಂತ ನಾನು ಹೇಳಿರ್ಲಿಲ್ವಾ? ಆವತ್ತು ನೀನೇನಂದೆ?"

ಬಾಯ್ಡನಿಗೆ ನೆನಪಿತ್ತು. ಹುಡುಗಿ ಜೋರಾಗಿ ಓಡಿಸಿರಬೇಕು ಎಂದಿದ್ದ.

"ನಮ್ಮ ಬೈಬಲ್ ಗುಂಪಲ್ಲಿ ಇಂಥದ್ದೇ ಕಥೆ ಎಷ್ಟು ಹೆಂಗಸರು ಹೇಳಿದ್ರು ಗೊತ್ತಾ? ಒಬ್ಬರ ಗಂಡನೂ ಕಿವಿಗೆ ಹಾಕ್ಕೊಂಡಿಲ್ಲ. ನಿಮಗೆಲ್ಲ ಅನುಮಾನ ಬೇಲಿ ಆಚೆಯೋರ ಮೇಲೆ."

ಬಾಯ್ಡ್ ಅಂದು ಸರಿಯಾಗಿ ಉಣ್ಣಲಿಲ್ಲ. ಸೋತರೂ ಹಟ್ಟೊ, ಹೊಸ ಶೆರಿಫ್ ಬರುವ ಜನವರಿವರೆಗೆ ಡೆಪ್ಯೂಟಿಯೇ. ಸೋತವನ ಸಿಟ್ಟು ಬೇರೆ.

ಮರುದಿನ ಅವನು ಪಕ್ಕದ ಮನೆಯ ಬಾಗಿಲು ತಟ್ಟಿದ. ಮಾರ್ವೆಲ್ಲಾ ಸೊಳ್ಳೆಪರದೆಯ ಬಾಗಿಲು ತೆರೆಯದೆ ಒಳಗೇ ನಿಂತರು.

"ನಿಮ್ಮ ಹೆಸರು ರಾಯ್ಸ್‌ಗೆ ಹೇಳ್ಬಿಟ್ಟೆ, ಮಿಸ್ ಮಾರ್ವೆಲ್ಲಾ. ಅವನು ನಿಮ್ಮ ಮೊಮ್ಮಗನ ಮಾತೆತ್ತಿದ."

ಅವರು ಒಳಗಿನಿಂದ ಚಿಲಕ ಹಾಕಿದರು. "ಈಗ ಯಾಕೆ ಬಂದ್ರಿ? ಕ್ಷಮಿಸಿದೆ ಅಂತ ನನ್ನ ಬಾಯಲ್ಲಿ ಕೇಳೋಕಾ?"

"ಅಲ್ಲ. ನಾಳೆಯಿಂದ ನಿಮ್ಮ ಮೊಮ್ಮಗ ಕೆಲಸಕ್ಕೆ ಹೋಗುವಾಗ ನಾನು ಟ್ರಕ್ಕಲ್ಲಿ ಹಿಂದೆ ಇರ್ತೀನಿ. ನನ್ನ ಕಣ್ಣೆದುರು ರಾಯ್ಸ್ ಏನೂ ಮಾಡಲ್ಲ."

"ನೀವೂ ಅವನೂ ಒಂದೇ ಅಲ್ಲ ಅಂತ ಹೇಗೆ ನಂಬ್ಲಿ?"

ಮರುದಿನ ಬೆಳಿಗ್ಗೆ ಬಾಯ್ಡ್ ಹುಡುಗನ ಕಾರಿನ ಹಿಂದೆಯೇ ಹೋದ. ಮಿಲ್ಲಿನ ಗೇಟಿನ ಬಳಿ ಮೊಮ್ಮಗ ಡಾರಿಯಸ್ ಕಾರಿನಿಂದಿಳಿದು ಟ್ರಕ್ಕಿನ ಹತ್ತಿರ ಬಂದ.

"ಅಜ್ಜಿ ಹೇಳಿದ್ರು. ಬರೋದಾದ್ರೆ ಸ್ವಲ್ಪ ದೂರದಲ್ಲಿ ಬನ್ನಿ, ಮಿಸ್ಟರ್ ಬಾಯ್ಡ್. ನೀವು ಬೆನ್ನ ಹಿಂದಿದ್ರೂ ನನಗೆ ಭಯಾನೇ."

ಅಂದಿನಿಂದ ಬಾಯ್ಡ್ ದೂರ ಬಿಟ್ಟೇ ಹೋಗುತ್ತಿದ್ದ. ದಾರಿಯಲ್ಲಿ ಹಟ್ಟೊನ ಗಾಡಿ ಎಷ್ಟೋ ಸಲ ಎದುರಾಯಿತು, ನಿಧಾನಿಸಿತು, ಮುಂದೆ ಹೋಯಿತು. ಜನವರಿ ಬರುವವರೆಗೂ ಡಾರಿಯಸ್ ಒಮ್ಮೆಯೂ ಕೈಬೀಸಲಿಲ್ಲ.