ಹಾಲುಗಲ್ಲು ಅಬ್ಬಿಯ ಆಪರೇಟರು

ಅಜ್ಜಂಪುರದ ಮಂಡಿಯಲ್ಲಿ ಕಾಳು ವ್ಯಾಪಾರ ಮಾಡುತ್ತಿದ್ದ ಮಲ್ಲಿಕಾರ್ಜುನಯ್ಯ ಚೀಲದ ಬಾಯಿ ನೋಡಿ ಮಾಲು ಕೊಂಡವರಲ್ಲ. ಕಬ್ಬಿಣದ ಕೊಳವೆಯನ್ನು ತಳದವರೆಗೂ ಚುಚ್ಚಿ, ಹಿಡಿ ಕಾಳು ಮಾದರಿ ತೆಗೆದು, ಬಿಸಿಲಿಗೆ ಹಿಡಿದು ನೋಡಿದ ಮೇಲೆಯೇ ಮಾತು. ಮಗಳು ಮಲ್ಲಿಕಾಂಬಳಿಗೆ ಬಂದ ಸಂಬಂಧದಲ್ಲೂ ಅಷ್ಟೆ. ಹುಡುಗ ತರೀಕೆರೆಯ ಓಂಕಾರಮೂರ್ತಿ. ಮನೆ ನೋಡಿಯಾಗಿತ್ತು, ಮಠದ ಸ್ವಾಮಿಗಳೂ ಆಗಲಿ ಎಂದಿದ್ದರು. ಹಾಲುಗಲ್ಲು ಅಬ್ಬಿ ಎಂಬ ಜಲಪಾತದ ಪವರ್‌ಹೌಸಿನಲ್ಲಿ ಆಪರೇಟರು, ಸರ್ಕಾರಿ ನೌಕರಿ ಎಂದು ಸಂಬಂಧ ತಂದ ಅಕ್ಕ ವಿಶಾಲಾಕ್ಷಮ್ಮ ಹೇಳಿದ್ದರು. ಆ ನೌಕರಿಯನ್ನು ಮಾತ್ರ ಯಾರೂ ಕಣ್ಣಾರೆ ಕಂಡಿರಲಿಲ್ಲ.

೧೯೭೯ರ ಕಾರ್ತಿಕದ ಒಂದು ಬೆಳಿಗ್ಗೆ, ಅಬ್ಬಿ ನೋಡಿ ಬರೋಣವೆಂದು ಅವರು ಅಕ್ಕನನ್ನು ಬಸ್ಸು ಹತ್ತಿಸಿದರು.

“ಕಟ್ಕೊಂಡೋಳನ್ನ ಒಂದಿನ ಬೀರೂರು ಸಂತೆಗೆ ಕರ್ಕೊಂಡ್ಹೋದೋನಲ್ಲ, ನಂಗೆ ಅಬ್ಬಿ ತೋರಿಸ್ತಾನಂತೆ!” ಎಂದರು ವಿಶಾಲಾಕ್ಷಮ್ಮ.

ಅಬ್ಬಿ ತುಂಬಿ ಬೀಳುತ್ತಿತ್ತು. ಪಕ್ಕದ ಕಲ್ಲುಕಟ್ಟಡಕ್ಕೆ ಸೂರಿರಲಿಲ್ಲ. ಗೋಡೆ ಸೀಳಿ ಗೋಣಿಮರ ಎದ್ದಿತ್ತು. ಮೇಲಿನಿಂದ ನೀರು ತರುತ್ತಿದ್ದ ದಪ್ಪ ಕೊಳವೆ ನಡುವೆ ಮುರಿದು ಪೊದೆಯಲ್ಲಿ ಬಿದ್ದಿತ್ತು.

“ಇಲ್ಲಿ ಕರೆಂಟ್ ಹುಟ್ಟಿ ಯಾವ ಕಾಲ ಆಯ್ತೋ! ಮೋಸ ಹೋದ್ವಿ ಅಕ್ಕ.”

ಬಾಗಿಲಿಗೆ ಮಾತ್ರ ಹೊಸ ಬೀಗ. ಮಲ್ಲಿಕಾರ್ಜುನಯ್ಯ ಸರಳಿಲ್ಲದ ಕಿಟಕಿಯಲ್ಲಿ ಇಣುಕಿದರು. ಸತ್ತ ಯಂತ್ರಕ್ಕೆ ಯಾರೋ ಈಚೆಗೆ ಗ್ರೀಸ್ ಬಳಿದಿದ್ದರು. ಮೂಲೆಯಲ್ಲಿ ಸ್ಟೌವ್, ಎರಡು ಲೋಟ. ಒಂಟಿ ಮನುಷ್ಯನಿಗೆ ಎರಡು ಯಾಕೆ? ಕಿಟಕಿಕಟ್ಟೆಯ ಮೇಲೆ ಅಂಗೈಯಗಲದ ಹಿತ್ತಾಳೆ ನಟ್ಟು. ಇಲ್ಲಿನ ಮಾಲು ಹೊರಗೆ ಹೋಗುತ್ತಿದೆಯೋ ಏನೋ, ತರೀಕೆರೆಯ ಗುಜರಿಯವನಿಗೆ ತೋರಿಸಿದರೆ ಹೇಳುತ್ತಾನೆ. ಅಕ್ಕ ಅಬ್ಬಿಯ ಕಡೆ ತಿರುಗಿದಾಗ ನಟ್ಟು ಅವರ ಕೈಚೀಲದ ಟವೆಲಿನಡಿ ಸೇರಿತು.

ಅಷ್ಟರಲ್ಲಿ ಖಾಕಿ ಅಂಗಿ ತೊಟ್ಟ ಓಂಕಾರಮೂರ್ತಿ ಮೇಲಿನ ದಾರಿಯಿಂದ ಇಳಿದು ಬಂದ.

“ಯಜಮಾನ್ರೆ! ಹೇಳಿ ಕಳ್ಸಿದ್ರೆ ಬಸ್ಸಿನ ಹತ್ರ ಬರ್ತಿದ್ದೆ.”

“ಮಷೀನು ಓಡ್ತದೇನಪ್ಪಾ?”

“ಇಲ್ಲ. ಪ್ರವಾಹಕ್ಕೆ ಕೊಳವೆ ಹೋಯ್ತು. ರಿಪೇರಿ ಆಗೋವರ್ಗೂ ಕಾಯ್ಕೊಂಡಿರು ಅಂತ ಆರ್ಡರು.”

“ಆಪರೇಟರು ಅಂದಿದ್ರಿ?”

“ಹುದ್ದೆ ಅದೇ. ಓಡ್ತದಾ ಅಂತ ನೀವು ಕೇಳ್ಲಿಲ್ಲ.”

ಚೀಲದ ಬಾಯಲ್ಲಿ ಒಳ್ಳೆ ಕಾಳು ಸುರಿದವರೂ ಹೀಗೇ ಹೇಳುತ್ತಾರೆ ಎಂದುಕೊಂಡರು ಮಲ್ಲಿಕಾರ್ಜುನಯ್ಯ. ಓಂಕಾರಮೂರ್ತಿ ಬೀಗ ತೆಗೆದು ಕಾಫಿ ಕಾಸಿದ. ಒಂದು ಲೋಟ ಅಕ್ಕನಿಗೆ, ಇನ್ನೊಂದು ಅವರಿಗೆ. ಅವನಿಗೆ ಲೋಟ ಉಳಿಯಲಿಲ್ಲ.

ಹೊರಡುವಾಗ ಅವನು ಬೇಲಿಯ ಬಾಗಿಲಿಗೆ ಅಡ್ಡ ನಿಂತ.

“ಚೀಲ ಸ್ವಲ್ಪ ಬಿಚ್ಚಿ ಯಜಮಾನ್ರೆ.”

“ಏನಂದೆ?”

“ಹೋಗೋರ ಚೀಲ ನೋಡೋದು ನನ್ನ ಕೆಲಸ. ತಪ್ಪು ತಿಳ್ಕೋಬೇಡಿ.”

“ಹೆಣ್ಣು ಕೊಡೋನ ಚೀಲಾನೂ ನೋಡ್ತೀಯಾ?”

ಓಂಕಾರಮೂರ್ತಿಯ ಕಿವಿ ಕೆಂಪಾದವು. ದಾರಿ ಮಾತ್ರ ಬಿಡಲಿಲ್ಲ. ಸಂಬಂಧ ಮುರಿಯಲು ಮಲ್ಲಿಕಾರ್ಜುನಯ್ಯನವರಿಗೆ ಅಷ್ಟೇ ಸಾಕಿತ್ತು. ಆದರೆ ಮುರಿದು ಹೋಗಬೇಕೆಂದರೂ ಚೀಲ ಬಿಚ್ಚಿಯೇ ಹೋಗಬೇಕಿತ್ತು.

“ಬಿಚ್ಚೋ ಲೇ. ಟವೆಲ್ ಬಿಟ್ರೆ ಅದ್ರಾಗೇನೈತೆ?” ಎಂದು ವಿಶಾಲಾಕ್ಷಮ್ಮ ಚೀಲ ಕಿತ್ತು ಕೊಡವಿದರು. ನಟ್ಟು ಕಲ್ಲಿನ ಮೇಲೆ ಠಣ್ಣೆಂದು ಬಿತ್ತು.

“ಮಾದರಿಗೆ ತಗೊಂಡೆ,” ಎಂದರು ಮಲ್ಲಿಕಾರ್ಜುನಯ್ಯ. ಮಂಡಿಯಲ್ಲಿ ಅದು ಸರಿಯಾದ ಉತ್ತರವಾಗುತ್ತಿತ್ತು.

ಓಂಕಾರಮೂರ್ತಿ ನಟ್ಟನ್ನು ಎತ್ತಿ ಅಂಗಿಗೆ ಒರೆಸಿಕೊಂಡ. “ಬಸ್ಸಿನ ಹೊತ್ತಾಯ್ತು,” ಎಂದು ದಾರಿ ಬಿಟ್ಟು ಒಳಗೆ ಹೋದ.

ಬಸ್ಸಿನಲ್ಲಿ ತರೀಕೆರೆ ಬರುವವರೆಗೂ ಮಲ್ಲಿಕಾರ್ಜುನಯ್ಯ ಟವೆಲನ್ನು ಮಡಿಸುತ್ತ ಬಿಚ್ಚುತ್ತ ಕೂತಿದ್ದರು. ವಿಶಾಲಾಕ್ಷಮ್ಮ ಸೆರಗಿನಲ್ಲಿ ನಕ್ಕು ನಕ್ಕು ಸಾಕಾಗಿ, “ಕಳ್ಳರ ಮನೆ ಹೆಣ್ಣು ಬೇಡ ಅಂತ ಅವ್ನೇ ಅಂದ್ರೆ ಏನ್ಮಾಡ್ತೀಯೋ?” ಎಂದರು.

ಇದನ್ನು ಮಲ್ಲಿಕಾರ್ಜುನಯ್ಯ ಯೋಚಿಸಿರಲಿಲ್ಲ.

“ನಾಳೆನೇ ಹೋಗಿ ನಿಶ್ಚಯಕ್ಕೆ ಮಾತಾಡು ಅಕ್ಕ. ಮಾವನಿಗೇ ದಾರಿ ಬಿಡ್ದೋನು, ಇನ್ಯಾರಿಗೆ ಬಿಡ್ತಾನೆ?”

ಬಸ್ಸು ಅಜ್ಜಂಪುರದ ಕಡೆ ತಿರುಗಿತು. ಸ್ವಲ್ಪ ಹೊತ್ತಾದ ಮೇಲೆ ಅವರು ಮೆಲ್ಲಗೆ ಕೇಳಿದರು. “ಅಕ್ಕ, ನಾವು ಬರ್ತೀವಿ ಅಂತ ನೀನೇ ಅವ್ನಿಗೆ ಮೊದ್ಲೇ ಹೇಳಿರ್ಲಿಲ್ಲ ತಾನೆ? ಆ ನಟ್ಟು ಕಿಟಕೀಲಿ ಕೈಗೆ ಸಿಗೋ ಹಂಗೆ ಯಾಕಿತ್ತು?”

ವಿಶಾಲಾಕ್ಷಮ್ಮ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಕಣ್ಣು ಮುಚ್ಚಿದರು.