ಬಾನೆಟ್ಟಿನ ಮೇಲಿನ ಕಲೆ

ಪರಮೇಶಪ್ಪ ಪುಸ್ತಿಕೆಯನ್ನು ವೀರೇಂದ್ರನ ಕೈಗೆ ಕೊಟ್ಟನಾದರೂ ಅದರ ಒಂದು ತುದಿಯನ್ನು ಇನ್ನೂ ಬಿಟ್ಟಿರಲಿಲ್ಲ.

"ಬಿಡ್ರಿ ಕಾಕಾ, ಹರದೀತು," ಎಂದು ಸುನೀಲಕುಮಾರ ನಕ್ಕ ಮೇಲೆ ಬಿಟ್ಟ.

ರಾಣೆಬೆನ್ನೂರಿನ ಆ ತಗಡಿನ ಶೆಡ್ಡಿನಲ್ಲಿ ಭಾನುವಾರ ಸೇರುತ್ತಿದ್ದವರು ಮೂವರೇ. ಮೋಟಾರು ಬಿಡಿಭಾಗಗಳ ಅಂಗಡಿಯ ವೀರೇಂದ್ರ, ಹಾವೇರಿಯಲ್ಲಿ ವಕೀಲಿ ಮಾಡುವ ಸುನೀಲಕುಮಾರ, ಬ್ಯಾಡಗಿಯಿಂದ ಬಸ್ಸಿನಲ್ಲಿ ಬರುವ ಮೆಣಸಿನಕಾಯಿ ದಲಾಲಿ ಪರಮೇಶಪ್ಪ. ಅವರಿಬ್ಬರಿಗೆ ಹಳೇ ಕಾರುಗಳಿದ್ದವು. ಪರಮೇಶಪ್ಪನಿಗೆ ಇದ್ದದ್ದು ಕಾರಿನ ಹುಚ್ಚು, ಮತ್ತು ಈ ಪುಸ್ತಿಕೆ. ಲ್ಯಾಂಡ್‌ಮಾಸ್ಟರ್ ಕಾರು ಮಾರಾಟಕ್ಕೆ ಬಂದ ಕಾಲದಲ್ಲಿ ಹುಬ್ಬಳ್ಳಿಯ ಮೋಟಾರು ಅಂಗಡಿಯವರು ಗಿರಾಕಿಗಳಿಗೆ ಹಂಚಿದ್ದು.

"ಇಂಥಾದು ಈಗ ಎಲ್ಲೂ ಸಿಗಂಗಿಲ್ರಿ. ಖರೇ ಕೊಡಾಕತ್ತೀರೇನು?" ವೀರೇಂದ್ರನಿಗೆ ನಂಬಿಕೆ ಬರಲಿಲ್ಲ.

"ನನ್ನ ಕಣ್ಣಿಗೆ ಇನ್ನೇನ ಕಾಣತೈತಿ? ಒಂದು ಹೋಗೇತಿ, ಇನ್ನೊಂದು ಹೊಂಟೇತಿ. ನೀವು ಲ್ಯಾಂಡ್‌ಮಾಸ್ಟರ್ ಕಟ್ಟಾಕತ್ತೀರಿ, ನಿಮಗ ಬೇಕಾಗತೈತಿ."

ವೀರೇಂದ್ರ ಹಾಳೆ ತಿರುಗಿಸುತ್ತ ನಡುಪುಟದಲ್ಲಿ ನಿಂತ. ಬಣ್ಣವಿಲ್ಲದ ಕಾರಿನ ಚಿತ್ರ, ಅದರ ಬಾನೆಟ್ಟಿನ ಮೇಲೆ ಕಂದು ಕಲೆ. "ಇಲ್ಲೊಂದೀಟು ಜಿಡ್ಡ ಹತ್ತೇತಲ್ರಿ."

ಪರಮೇಶಪ್ಪ ಕಾಯುತ್ತಿದ್ದದ್ದು ಈ ಮಾತಿಗೇ. ಬಸ್ಸಿನಲ್ಲಿ ಬರುತ್ತ ಉತ್ತರವನ್ನೂ ಜೋಡಿಸಿಕೊಂಡಿದ್ದ. ಬಾಯಿ ತೆರೆದರೆ ಬಂದದ್ದು ಮಾತ್ರ ಬೇರೆ.

"ಅದು... ಹಳೇದು," ಎಂದ.

ಅದು ಹೆಂಡತಿ ಗದಿಗೆವ್ವನ ಹೆಬ್ಬೆರಳಿನ ಗುರುತು. ಮದುವೆಯಾದ ಹೊಸದರಲ್ಲಿ ಅವನು ಪುಸ್ತಿಕೆ ತಂದು ಪಡಸಾಲೆಯಲ್ಲಿ ಹರಡಿ, "ಯಾವ ಬಣ್ಣದ್ದು ತರೂಣು?" ಎಂದು ಕೇಳಿದ್ದ. ಅವಳು ಕೈ ಉರಿಯದಿರಲೆಂದು ಎಣ್ಣೆ ಸವರಿಕೊಂಡು ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದಳು. ಎದುರಿಗೆ ಅತ್ತೆ ಕೂತಿದ್ದಾಳೆ, ಗಂಡನ ಜೊತೆ ಮಾತಾಡುವುದಾದರೂ ಹೇಗೆ? ಪೇಟೆಯಲ್ಲಿ ದಲಾಲಿಗಳು ಕಾಯಿ ಮುರಿದು ಬಿಳಿ ಕಾಗದಕ್ಕೆ ತಿಕ್ಕಿ ಬಣ್ಣ ನೋಡುವಂತೆ, ಅವಳೂ ಕಡುಗೆಂಪಿನ ಡಬ್ಬಿ ತಳಿಯ ಒಂದು ಕಾಯಿ ಮುರಿದು ಬಾನೆಟ್ಟಿನ ಮೇಲೆ ಹೆಬ್ಬೆರಳಿನಿಂದ ತಿಕ್ಕಿ ಮತ್ತೆ ತಲೆ ತಗ್ಗಿಸಿದ್ದಳು. ಚಿತ್ರದ ಕಾರು ಕೆಂಪಗೆ ಹೊಳೆದಿತ್ತು.

ಬರುವ ಸುಗ್ಗಿಗೆ ತರೋಣ ಎಂದ. ಸುಗ್ಗಿಗಳು ಬಂದವು, ಕಾರು ಬರಲಿಲ್ಲ. ಐದು ವರ್ಷದ ಹಿಂದೆ ಅವಳೂ ಹೋದಳು. ಗೋಡೆಯ ಮೇಲೆ ಅವಳ ಫೋಟೋ ಇತ್ತು, ಆದರೆ ಅದರಲ್ಲಿ ಅವಳು ಯಾರೋ ಕೂರಿಸಿದ ಹಾಗೆ ಕೂತಿದ್ದಳು. ಅವಳಾಗಿಯೇ ಬಯಸಿ ಬಿಟ್ಟುಹೋದದ್ದು ಈ ಗುರುತು ಒಂದೇ. ಒಮ್ಮೆಯಾದರೂ ಆ ಬಣ್ಣದ ಲ್ಯಾಂಡ್‌ಮಾಸ್ಟರ್ ರಸ್ತೆಗಿಳಿಯಲಿ ಎಂಬ ಆಸೆಯಿಂದಲೇ ಅವನು ಪುಸ್ತಿಕೆ ಕೊಟ್ಟದ್ದು. ಆದರೆ ನಾಲ್ಕು ಜನರೆದುರು ಹೆಂಡತಿಯ ಮಾತೆತ್ತಿ ಅವನಿಗೆ ಗೊತ್ತಿರಲಿಲ್ಲ. ಇನ್ನೊಮ್ಮೆ ಹೇಳಿದರಾಯಿತು ಎಂದುಕೊಂಡು ಊರಿಗೆ ಬಂದ.

ಮುಂದಿನ ಸಲ ಶೆಡ್ಡಿಗೆ ಹೋಗುವ ಹೊತ್ತಿಗೆ ತಿಂಗಳ ಮೇಲಾಗಿತ್ತು.

"ಬರ್ರಿ ಕಾಕಾ, ಕುಂದ್ರಿ. ಮೊದಲ ಇದನ್ನ ಮುಟ್ಟಿ ನೋಡ್ರಿ," ಎಂದು ವೀರೇಂದ್ರ ಪುಸ್ತಿಕೆಯನ್ನು ಪರಮೇಶಪ್ಪನ ತೊಡೆಯ ಮೇಲಿಟ್ಟ. ಧ್ವನಿಯಲ್ಲಿ ಸಂಭ್ರಮವಿತ್ತು. "ಪುಣೆದಾಗ ಒಬ್ಬಾಂವ ಹಳೇ ಕಾಗದ ಸ್ವಚ್ಛ ಮಾಡಿ ಕೊಡತಾನ. ಆ ಜಿಡ್ಡೆಲ್ಲಾ ಹ್ವಾತ್ರಿ. ಹೊಸಾದರಂಗ ಆಗೇತಿ."

ಅವನ ಬೆರಳು ನಡುಪುಟವನ್ನು ಹುಡುಕಿಕೊಂಡು ಹೋಯಿತು. ದೊರಗು ಇರುತ್ತಿದ್ದ ಜಾಗ ನುಣ್ಣಗಾಗಿತ್ತು. ಎತ್ತಿ ಮೂಗಿಗೆ ಹಿಡಿದ. ಯಾವುದೋ ಔಷಧದ ವಾಸನೆ. ಪ್ರೀತಿಯಿಂದ ಮಾಡಿದವರನ್ನು ಬೈಯುವುದು ಹೇಗೆ?

"ಛಲೋ ಮಾಡೀರಿ," ಎಂದ.

ಶೆಡ್ಡಿನ ನಡುವೆ ಕಾರು ಬಣ್ಣಕ್ಕೆ ಮುಂಚೆ ಹಚ್ಚುವ ಬೂದು ಪ್ರೈಮರ್ ಬಳಿದುಕೊಂಡು ನಿಂತಿತ್ತು. ಅವನ ಕಣ್ಣಿಗೆ ಅದು ಮಬ್ಬಾದ ಒಂದು ಗುಡ್ಡೆ.

"ಬಣ್ಣ ಮಾತ್ರ ನೀವ ಹೇಳಬೇಕ್ರಿ ಕಾಕಾ. ಪುಸ್ತಕ ಕೊಟ್ಟಾವ್ರು ನೀವು," ಎಂದ ಸುನೀಲಕುಮಾರ.

ಪರಮೇಶಪ್ಪ ಎದ್ದು ತಡಕಾಡುತ್ತ ಹೋಗಿ ಬಾನೆಟ್ಟಿನ ಮೇಲೆ ಕೈಯಿಟ್ಟ. ದಲಾಲಿಯ ಅಂಗಿ ಜೇಬಿನಲ್ಲಿ ಒಂದೆರಡು ಮಾದರಿ ಕಾಯಿ ಯಾವತ್ತೂ ಇರುತ್ತವೆ. ಒಂದನ್ನು ತೆಗೆದು ಮುರಿದ. ಹೆಬ್ಬೆರಳನ್ನು ನಾಲಿಗೆಗೆ ತಾಗಿಸಿ, ಕಾಯಿಯ ಸಿಪ್ಪೆಯನ್ನು ತಣ್ಣನೆಯ ತಗಡಿಗೆ ಒತ್ತಿ ತಿಕ್ಕಿದ.

"ಇದು," ಎಂದ. "ಇದ ಬಣ್ಣ ಅಂತ ಆಕಿ..."

"ಅಯ್ಯ ಕಾಕಾ, ಪ್ರೈಮರ್ ಮ್ಯಾಲ ಏನರೆ ಹತ್ತಿದ್ರ ಬಣ್ಣ ಹಿಡಿಯಂಗಿಲ್ರಿ." ವೀರೇಂದ್ರ ಅಷ್ಟರಲ್ಲಿ ಥಿನ್ನರ್‌ನಲ್ಲಿ ಅದ್ದಿದ ಬಟ್ಟೆ ತಂದು ಒರೆಸಿಬಿಟ್ಟಿದ್ದ.

"ಕೆಂಪ ಅಂದ್ರೇನ್ರಿ?" ಸುನೀಲಕುಮಾರ ಪುಸ್ತಿಕೆ ತಿರುವಿದ. "ಪುಸ್ತಕದಾಗ ಕೆಂಪ ಇಲ್ಲಲ್ರಿ ಕಾಕಾ. ಕೆನಿ ಬಣ್ಣ ಐತಿ, ಬೂದಿ ಐತಿ, ಕರೇದು ಐತಿ. ಇದ್ದಂಗ ಮಾಡಿದ್ರನ ಗಾಡಿಗೆ ಕಿಮ್ಮತ್ತು."

ಪರಮೇಶಪ್ಪ ಬಾನೆಟ್ಟಿನ ಮೇಲಿಂದ ಕೈ ತೆಗೆದ.

"ಹಂಗಾರ ಪುಸ್ತಕದಾಗ ಇದ್ದದ್ದ ಹಚ್ರಿ," ಎಂದ.

ಬ್ಯಾಡಗಿಯ ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿತು. ಕಂಡಕ್ಟರ್ ಬಂದಾಗ ಎಡಗೈಯನ್ನೇ ತಿರುಚಿ ಬಲಜೇಬಿಗೆ ಹಾಕಿ ಚಿಲ್ಲರೆ ತೆಗೆದ.

"ಬೆರಳಿಗೆ ಏನಾತ್ರಿ ಅಜ್ಜಾ?"

"ಏನಿಲ್ಲ."

ಬಸ್ಸು ತಗ್ಗಿಗಿಳಿದಾಗಲೆಲ್ಲ ಎದುರಿನ ಸರಳನ್ನು ಎಡಗೈಯಿಂದಲೇ ಹಿಡಿದ. ಕಾಯಿಯ ಕೆಂಪು ಹತ್ತಿದ್ದ ಬಲಗೈಯ ಹೆಬ್ಬೆರಳನ್ನು ಪಂಚೆಗೂ ಸೀಟಿಗೂ ತಾಗದಂತೆ, ಊರು ಬರುವ ತನಕ ಎತ್ತಿ ಹಿಡಿದುಕೊಂಡೇ ಕೂತಿದ್ದ.