ಹನುಮಕ್ಕನ ಮಾರ್ಕ್ಸ್ ಕಾರ್ಡು

ರಾಗಿ ಕೊಯ್ಲು ಮುಗಿದು ಮೆದೆ ಒಟ್ಟಿಯಾಗಿತ್ತು. ಚೇಳೂರಿನಿಂದ ಒಳಕ್ಕೆ ಹೋಗುವ ಟಾರು ರಸ್ತೆಯ ಮೇಲೆ ಉದ್ದಕ್ಕೂ ಹುರುಳಿ ಗಿಡ ಹರಡಿದ್ದರು. ಹೋಗಿಬರುವ ಗಾಡಿಗಳೇ ತುಳಿದು ಕಾಳು ಉದುರಿಸಲಿ ಅಂತ. ಅರುಣಾಳ ಸ್ಕೂಟಿ ಅದರ ಮೇಲೆ ಹತ್ತಿದಾಗಲೆಲ್ಲ ಚಕ್ರ ಜಾರುತ್ತಿತ್ತು. ಎರಡೂ ಕಾಲು ನೆಲಕ್ಕೆ ಬಿಟ್ಟುಕೊಂಡು, ನಡೆದುಹೋಗುವವರಿಗಿಂತ ನಿಧಾನವಾಗಿ ಅವಳು ಸಾಗುತ್ತಿದ್ದಳು.

"ನಿನ್ ಗಾಡಿ ಹಗೂರ ಕಣವ್ವಾ, ಕಾಯಿ ಒಡೆಯಾಕಿಲ್ಲ," ಎಂದು ಮೊರ ಹಿಡಿದು ರಸ್ತೆ ಬದಿ ಕೂತಿದ್ದ ಮುದುಕಿ ನಕ್ಕಳು. "ಯಾರಾದ್ರೂ ದಪ್ಪನೋರ್ನ ಹಿಂದೆ ಕೂರಿಸ್ಕೊಂಡು ಇನ್ನೊಂದ್ ಕಿತ ಬಾ."

ಬೇರೆ ದಿನವಾಗಿದ್ದರೆ ಅರುಣಾ ಒಂದು ಮಾತು ತಿರುಗಿಸಿ ಹೇಳುತ್ತಿದ್ದಳು. ಈ ರಸ್ತೆಯಲ್ಲಿ ಹದಿಮೂರು ವರ್ಷ ಓಡಾಡಿದವಳು. ತುಮಕೂರಿನ ಮರಳೂರಿನ ಮನೆಯಿಂದ ಹೊರಟು, ಗುಬ್ಬಿಯಲ್ಲಿ ಬಸ್ಸು ಬದಲಿಸಿ, ಚೇಳೂರಿನಲ್ಲಿ ಇಳಿದು, ಅಲ್ಲಿಂದ ಯಾರದೋ ಟ್ರ್ಯಾಕ್ಟರೋ ಟೆಂಪೋನೋ ಹತ್ತಿ ಮಾವಿನಕಟ್ಟೆ ಅಂಗನವಾಡಿಗೆ ಬಂದು ಪಾಠ ಹೇಳಿದವಳು. ಮೇಲ್ವಿಚಾರಕಿ ಪರೀಕ್ಷೆ ಪಾಸು ಮಾಡಿದ ಮೇಲೆ ಅವಳನ್ನು ಮೊದಲು ಕುಣಿಗಲ್ ಕಡೆ ಹಾಕಿದ್ದರು. ದೂರವಾಯಿತಲ್ಲ ಅಂತ ಮನೆಯವರು ಪೇಚಾಡಿದರೆ ಅವಳು ಒಳಗೊಳಗೇ ಉಸಿರು ಬಿಟ್ಟಿದ್ದಳು. ಹೋದ ತಿಂಗಳು ಚೇಳೂರು ವೃತ್ತಕ್ಕೇ ವರ್ಗವಾಯಿತು. ಇಪ್ಪತ್ತಮೂರು ಕೇಂದ್ರ. ಇಪ್ಪತ್ತೆರಡನ್ನು ನೋಡಿ ಮುಗಿಸಿದ್ದಳು. ತಿಂಗಳ ವರದಿ ನಾಳೆ ಹೋಗಬೇಕು. ಮಾವಿನಕಟ್ಟೆಯನ್ನು ಇನ್ನು ಮುಂದಕ್ಕೆ ಹಾಕುವಂತಿರಲಿಲ್ಲ.

ಅಲ್ಲಿ ಹನುಮಕ್ಕ ಇದ್ದಳು. ಹದಿನಾರು ವರ್ಷದಿಂದ ಅದೇ ಕೇಂದ್ರದ ಸಹಾಯಕಿ.

ಕೇಂದ್ರದ ಬಾಗಿಲಲ್ಲೇ ಕುಕ್ಕರಿನ ಕೂಗು, ಅದರ ಜೊತೆ ಮಕ್ಕಳ ಗದ್ದಲ. ಹದಿನಾಲ್ಕು ಮಕ್ಕಳು ಚಾಪೆಯ ಮೇಲೆ ದುಂಡಗೆ ಕೂತಿದ್ದವು. ನಡುವೆ ಅವರೆಕಾಯಿ ಗುಡ್ಡೆ. ಹನುಮಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ, ಒಂದು ಕಣ್ಣು ಒಲೆಯ ಮೇಲೆ, ಒಂದು ಕಣ್ಣು ಮಕ್ಕಳ ಮೇಲೆ ಇಟ್ಟಿದ್ದಳು.

"ಉದ್ದದ್ದು ಈ ಕಡೆ, ಗಿಡ್ಡದ್ದು ಆ ಕಡೆ. ಡೊಂಕಂದು?"

"ಡೊಂಕಂದು ನನ್ ಕಡೆ!" ಎಂದಿತು ಒಂದು ಮಗು.

ಇಂಪನಾ ಅನ್ನೋ ಪುಟ್ಟಿ ಬೆರಳ ತುದಿಯಲ್ಲಿ ಹಸಿರು ಹುಳ ಎತ್ತಿ ಹಿಡಿದಿತ್ತು. "ಇದುನ್ನ ಯಾವ್ ಕಡೆ ಹಾಕ್ಲಿ ಹನುಮಕ್ಕ?"

"ಅದುನ್ನೇ ಕೇಳು ತಾಯಿ, ಎಲ್ಲಿಗೆ ಹೋಗ್ಬೇಕು ಅಂತ."

ಮಗು ಹುಳವನ್ನು ಕಿವಿಗಿಟ್ಟುಕೊಂಡು ಕೇಳಿತು. "ಮನೆಗಂತೆ," ಎಂದಿತು.

ಅರುಣಾಳಿಗೆ ನಗು ಬಂತು. ಅದು ತುಟಿಗೆ ಬರುವ ಮೊದಲೇ ಆರಿತು. ಸುತ್ತಮುತ್ತ ಸಿಗುವ ವಸ್ತುಗಳಿಂದ ಮಕ್ಕಳಿಗೆ ವಿಂಗಡಣೆ ಕಲಿಸುವುದು ಹೇಗೆ ಅಂತ ಮೇಲ್ವಿಚಾರಕಿ ಪರೀಕ್ಷೆಯಲ್ಲಿ ಹತ್ತು ಅಂಕದ ಪ್ರಶ್ನೆ ಇತ್ತು. ಅವಳು ಬರೆದದ್ದು ಹನುಮಕ್ಕನ ಇದೇ ಪಾಠವನ್ನು. ಡೊಂಕು ಕಾಯಿಯನ್ನೂ ಬಿಟ್ಟಿರಲಿಲ್ಲ.

"ಅಯ್ಯೋ, ಟೀಚರ್!" ಹನುಮಕ್ಕ ಎದ್ದೇಬಿಟ್ಟಳು. "ಬನ್ನಿ, ಬನ್ನಿ. ಲೇ ಮಕ್ಳಾ, ನಮಸ್ಕಾರ ಮಾಡ್ರೋ. ಮೇಡಂ ಅನ್ಬೇಕಂತೆ ಈಗ, ಮೋನಿಕಾ ಮಿಸ್ಸು ಹೇಳ್ಕೊಟ್ಟವ್ರೆ. ನನ್ ನಾಲ್ಗೆ ತಿರುಗ್ಬೇಕಲ್ಲ."

ಅರುಣಾಳ ಜಾಗಕ್ಕೆ ಬಂದವಳು ಮೋನಿಕಾ, ಇಪ್ಪತ್ತನಾಲ್ಕರ ಹುಡುಗಿ. ಎಲ್‌ಕೆಜಿ ತರಬೇತಿಗೆ ಅಂತ ಮೂರು ದಿನದಿಂದ ತುಮಕೂರಿಗೆ ಹೋಗಿದ್ದಳು.

"ಒಬ್ಬಳೇ ನಡೆಸ್ತಿದೀಯಾ?"

"ನಂಗೇನ್ ಹೊಸದಾ ಟೀಚರ್? ನೀವು ಪರೀಕ್ಷೆಗೆ ಓದೋವಾಗ ನಡೆಸ್ಲಿಲ್ವಾ? ಪಾಪ, ಆ ಹುಡುಗಿನೂ ಮುಂದಕ್ಕೆ ಬರ್ಲಿ ಬುಡಿ."

ಆ ಮಾತಿನಲ್ಲಿ ಮುಳ್ಳಿರಲಿಲ್ಲ. ಇದ್ದಿದ್ದರೆ ಅರುಣಾಳಿಗೆ ಹಗುರಾಗುತ್ತಿತ್ತು.

ಹನುಮಕ್ಕನಿಗೆ ಎಸ್ಸೆಸ್ಸೆಲ್ಸಿ ಕಟ್ಟಿಸಿದ್ದು ಅರುಣಾಳೇ. ಮಕ್ಕಳು ಮನೆಗೆ ಹೋದ ಮೇಲೆ ಇದೇ ಚಾಪೆಯ ಮೇಲೆ ಕೂರಿಸಿ ಪಾಠ ಹೇಳಿದ್ದಳು. "ನಲವತ್ತಕ್ಕೆ ಹತ್ತನೇ ಕ್ಲಾಸ್ ಓದಿ ಯಾವ್ ಡೀಸಿ ಆಗ್ತೀಯೇ?" ಎಂದು ಗಂಡ ಚಿಕ್ಕಬೋರಯ್ಯ ಹಂಗಿಸುತ್ತಿದ್ದ. "ಡೀಸಿ ಆದ್ರೆ ಮೊದ್ಲು ನಿನ್ನ ವರ್ಗಾ ಮಾಡ್ತೀನಿ" ಅನ್ನುತ್ತಿದ್ದಳು ಇವಳು. ಒಂದು ಸಲ ಗಣಿತದಲ್ಲಿ ಹೋಯಿತು. ಮರುಸಲ ಮೂವತ್ತೈದು ಬಂತು. "ಒಂದು ಹೆಚ್ಚಿಲ್ಲ, ಒಂದು ಕಮ್ಮಿ ಇಲ್ಲ, ತಕ್ಕಡೀಲಿ ತೂಗಿದಂಗೆ" ಎಂದು ಊರೆಲ್ಲ ಹೇಳಿಕೊಂಡು ಬಂದಳು. ಅವತ್ತಿನಿಂದ ಪ್ರತಿ ವರ್ಷ ಅವರೆಕಾಯಿ ಕಾಲದಲ್ಲಿ ಅರುಣಾಳಿಗೆ ಒಂದು ಚೀಲ ಸೊಗಡಿನ ಕಾಯಿ. ಗುರುಕಾಣಿಕೆ ಅಂತ. ಕುಣಿಗಲ್‌ಗೆ ಹೋದ ವರ್ಷವೂ ತಪ್ಪಿಸಲಿಲ್ಲ. ಬಸ್ಸಿನ ಕಂಡಕ್ಟರ್ ಕೈಯಲ್ಲಿ ತುಮಕೂರಿಗೆ ಕಳಿಸಿದ್ದಳು. ಆ ಕಾಯಿಯನ್ನು ಅರುಣಾ ಪಕ್ಕದ ಮನೆಗೆ ಕೊಟ್ಟುಬಿಟ್ಟಿದ್ದಳು.

ಮಕ್ಕಳು ಉಂಡು ಮಲಗಿದವು. ಅರುಣಾ ತಪಾಸಣಾ ಪುಸ್ತಕ ತೆರೆದಳು. ಹನುಮಕ್ಕ ಕೈ ಒರೆಸಿಕೊಂಡು ಬೀರುವಿನ ಮೇಲಿಂದ ಪ್ಲಾಸ್ಟಿಕ್ ಕವರು ಇಳಿಸಿದಳು. ಒಳಗೆ ಮಾರ್ಕ್ಸ್ ಕಾರ್ಡು, ಮಡಿಕೆಯಿಲ್ಲದೆ, ಹೊಸದರಂತೆ.

"ಟೀಚರ್, ಒಂದ್ ಮಾತು. ಗೊಲ್ಲರಹಟ್ಟಿ ಟೀಚರ್ ರಿಟೈರ್ ಆದ್ರಂತೆ. ನಮ್ ಪಂಚಾಯ್ತಿನೇ. ಅರ್ಜಿ ಹಾಕಾಕೆ ನಂಗೆ ಬರುತ್ತಾ? ಈಗ ನೀವೇ ಬಂದಿದ್ದೀರಲ್ಲ, ಕೇಳಾಣ ಅಂತ ತಿಂಗ್ಳಿಂದ ಕಾಯ್ತಿವ್ನಿ."

ಅರುಣಾ ಕಾರ್ಡನ್ನು ಕೈಗೆ ತೆಗೆದುಕೊಳ್ಳಲಿಲ್ಲ.

"ಈಗ ಪಿಯುಸಿ ಆಗಿರ್ಬೇಕು ಹನುಮಕ್ಕ. ನಿಯಮ ಬದಲಾಯ್ತು."

"ಪಿಯುಸಿನಾ?" ಹನುಮಕ್ಕ ಕಾರ್ಡನ್ನು ತಿರುಗಿಸಿ ನೋಡಿದಳು, ಹಿಂಬದಿಯಲ್ಲಿ ಅದೂ ಬರೆದಿರಬಹುದೇನೋ ಎಂಬಂತೆ. "ಎಂದಿಂದ?"

"ಎರಡು ವರ್ಷ ಆಗ್ತಾ ಬಂತು."

"ಅಂದ್ರೆ ಆ ಕಲ್ಲಮ್ಮಂದೇ ಕೊನೇದು." ಹನುಮಕ್ಕನ ಮುಖ ಗಂಟಿಕ್ಕಿತು. "ಅವಳೂ ನನ್ನಂಗೇ ಸಹಾಯಕಿ, ಅವಳ್ದೂ ಬರೀ ಎಸ್ಸೆಸ್ಸೆಲ್ಸಿ. ಎಂಟೇ ವರ್ಷದ ಸರ್ವೀಸು. ಕೆರೆಪಾಳ್ಯಕ್ಕೆ ಟೀಚರ್ ಆಗ್ಬುಟ್ಲು. ಮೆಂಬರ್ ಕೈಲಿ ಹೇಳ್ಸಿದ್ಲು ಅಂತ ನೀವೇ ಅಂದಿದ್ರಲ್ಲ. ಅವತ್ತಿಂದ ಅವಳ ಮುಖ ನೋಡಿಲ್ಲ ನಾನು. ಮೀಟಿಂಗಲ್ಲಿ ಪಕ್ಕಕ್ಕೆ ಬಂದು ಕೂತ್ರೂ ಎದ್ದೋಯ್ತೀನಿ. ಒಂದೇ ತಟ್ಟೇಲಿ ಉಂಡೋರು."

ಅರುಣಾ ಪೆನ್ನಿನ ಮುಚ್ಚಳ ಹಾಕಿದಳು, ತೆಗೆದಳು.

ಎರಡು ವರ್ಷದ ಹಿಂದೆ ಆ ಸುತ್ತೋಲೆ ಬಂದದ್ದು ಅವಳ ಮೊಬೈಲಿಗೆ, ಟೀಚರುಗಳ ಗುಂಪಿನಲ್ಲಿ. ಕೆರೆಪಾಳ್ಯದ ಹುದ್ದೆ ಖಾಲಿ, ಅದೇ ಪಂಚಾಯ್ತಿಯ ಎಸ್ಸೆಸ್ಸೆಲ್ಸಿ ಪಾಸಾದ ಸಹಾಯಕಿಯರಿಗೆ ಮೊದಲ ಅವಕಾಶ, ಅದರಲ್ಲೂ ಹೆಚ್ಚು ಸರ್ವೀಸಿನವರಿಗೆ. ಎಲ್ಲರೂ ತಮ್ಮ ತಮ್ಮ ಸಹಾಯಕಿಗೆ ತಿಳಿಸುವುದು, ಶುಕ್ರವಾರ ಕೊನೇ ದಿನ. ಹನುಮಕ್ಕನ ಕೈಯಲ್ಲಿದ್ದದ್ದು ಬಟನ್ ಫೋನು. ಅರುಣಾ ಓದಿ ಹೇಳಿದರೆ ಉಂಟು, ಇಲ್ಲದಿದ್ದರೆ ಇಲ್ಲ.

ಅರುಣಾಳ ಮೇಲ್ವಿಚಾರಕಿ ಪರೀಕ್ಷೆಗೆ ಆಗ ಐದು ವಾರ ಉಳಿದಿತ್ತು. ವಾರಕ್ಕೆ ಮೂರು ದಿನ ಕ್ಯಾತ್ಸಂದ್ರದಲ್ಲಿ ಕೋಚಿಂಗು. ಆ ದಿನಗಳಲ್ಲಿ ಕೇಂದ್ರ ಹನುಮಕ್ಕನದೇ. ಯಾರಾದರೂ ಬಂದು ಕೇಳಿದರೆ "ಟೀಚರ್ ಚೇಳೂರಿಗೆ ಮೀಟಿಂಗಿಗೆ ಹೋಗವ್ರೆ" ಎಂದು ಕಣ್ಣು ಮಿಟುಕಿಸದೆ ಹೇಳುತ್ತಿದ್ದಳು. ಇವಳು ಕೆರೆಪಾಳ್ಯಕ್ಕೆ ಹೋಗಿ, ಹೊಸ ಸಹಾಯಕಿ ಬಂದು ಕೂತರೆ? ಸೋಮವಾರ ಅರುಣಾ ನಾಳೆ ಹೇಳೋಣ ಅಂದುಕೊಂಡಳು. ಬುಧವಾರ ಹೇಳಲು ಬಾಯಿ ತೆರೆದು ಉಪ್ಪು ಕೇಳಿದಳು. ಶುಕ್ರವಾರ ಸಂಜೆ ಐದಾದ ಮೇಲೆ ಅವಳಿಗೆ ಒಂಥರಾ ನಿರಾಳವಾಯಿತು. ಕಲ್ಲಮ್ಮನಿಗೆ ಕೆಲಸವಾದ ಸುದ್ದಿ ಬಂದಾಗ "ಇದೆಂಗಾಯ್ತು ಟೀಚರ್?" ಎಂದು ಹನುಮಕ್ಕ ಕೇಳಿದ್ದಳು. ಮೆಂಬರಿನ ಮಾತು ಅರುಣಾಳ ಬಾಯಿಂದ ಹೊರಟದ್ದು ಆಗ, ಹುಡುಕದೆಯೇ.

ಈಗಲೂ ಸುಮ್ಮನಿರಬಹುದಿತ್ತು. 'ಹೌದು, ಅವಳದ್ದೇ ಕೊನೇದು, ಏನ್ ಮಾಡೋದು' ಅಂದರೆ ಮುಗಿಯುತ್ತಿತ್ತು. ಹನುಮಕ್ಕ ಕವರನ್ನು ಬೀರುವಿನ ಮೇಲಿಟ್ಟು ಪ್ರತಿ ವರ್ಷದಂತೆ ಅವರೆಕಾಯಿ ಚೀಲ ಎತ್ತಿ ಕೊಟ್ಟುಬಿಡುತ್ತಿದ್ದಳು. ಅದು ಆಗಲೇ ಮೂಲೆಯಲ್ಲಿ ಬಾಯಿ ಕಟ್ಟಿ ಕೂತಿತ್ತು.

"ಕಲ್ಲಮ್ಮ ಯಾರ ಕೈಲೂ ಹೇಳಿಸಲಿಲ್ಲ," ಎಂದಳು ಅರುಣಾ.

"ಆಂ?"

"ಸುತ್ತೋಲೆ ಬಂದಿತ್ತು ಹನುಮಕ್ಕ. ನಂಗೂ ಬಂದಿತ್ತು, ನಿಂಗೆ ಹೇಳು ಅಂತ. ನಾನು ಹೇಳಲಿಲ್ಲ. ನೀನು ಹೋಗಿಬಿಟ್ಟರೆ ನನ್ನ ಓದು ಕೆಡುತ್ತೆ ಅಂತ ಹೇಳಲಿಲ್ಲ. ಮೆಂಬರಿನ ಮಾತು ನಾನೇ ಕಟ್ಟಿದ್ದು."

ಮಲಗಿದ್ದ ಮಗುವೊಂದು ಮಗ್ಗುಲಾಯಿತು. ಹನುಮಕ್ಕ ಬಗ್ಗಿ ಅದರ ಹೊದಿಕೆ ಸರಿಮಾಡಿದಳು.

"ಶುಕ್ರವಾರ ಕೊನೇ ದಿನ ಇತ್ತಾ?" ಅಂತ ಕೇಳಿದಳು ಆಮೇಲೆ.

"ನಿಂಗೆ ಹೇಗೆ ಗೊತ್ತು?"

"ಕಲ್ಲಮ್ಮ ಆ ವಾರ ಫೋನ್ ಮಾಡಿದ್ಲು. 'ಶುಕ್ರವಾರ ಗುಬ್ಬಿಗೆ ಹೋಗ್ತೀನಿ, ನೀನೂ ಬತ್ತೀಯೇನಕ್ಕ?' ಅಂದ್ಲು. ಸಂತೆಗೇನೋ ಅಂದ್ಕೊಂಡೆ. ಟೀಚರ್ ಅವತ್ತು ಕ್ಯಾತ್ಸಂದ್ರಕ್ಕೆ ಹೋಯ್ತಾರೆ, ಮಕ್ಳನ್ನ ಬುಟ್ಟು ಎಲ್ಲಿಗ್ ಬರ್ಲಿ ಅಂತ ಫೋನ್ ಇಟ್ಟೆ." ಅವಳ ದನಿ ಏರಲಿಲ್ಲ. "ಅರ್ಜಿ ಕೊಡಾಕೆ ಅವಳು ನನ್ನ ಕರೆದ್ಲು. ನಾನು ಎರಡು ವರ್ಷ ಅವಳಿಗೆ ಬೆನ್ನು ತೋರಿಸ್ದೆ."

"ನಿಂಗೆ ಪಿಯುಸಿ ಕಟ್ಟಿಸ್ತೀನಿ," ಎಂದಳು ಅರುಣಾ. ಮಾತು ಒಂದರ ಮೇಲೊಂದು ಬಿದ್ದವು. "ಫೀಸು, ಪುಸ್ತಕ ಎಲ್ಲಾ ನಂದು. ಭಾನುವಾರ ಭಾನುವಾರ ನಾನೇ ಬಂದು ಪಾಠ ಹೇಳ್ತೀನಿ. ಎರಡೇ ವರ್ಷ..."

"ಬ್ಯಾಡಿ."

"ಹನುಮಕ್ಕ..."

"ಬ್ಯಾಡಿ ಅಂದ್ನಲ್ಲ. ಓದ್ಬೇಕು ಅನ್ನಿಸಿದ್ರೆ ಓದ್ಕೊತೀನಿ. ಮೋನಿಕಾ ಮಿಸ್ಸು ಹೇಳ್ಕೊಡ್ತಾರೆ. ನೀವು ಹೇಳ್ಕೊಟ್ರೆ ನಂಗೆ ಹತ್ತಾಕಿಲ್ಲ. ಕೊಟ್ಟು ಚುಕ್ತಾ ಮಾಡ್ಕೊಳೋಂತದ್ದಲ್ಲ ಇದು."

ಅರುಣಾ ತಪಾಸಣಾ ಪುಸ್ತಕದ ಕಡೆ ನೋಡಿದಳು. ಷರಾ ಬರೆಯುವ ಜಾಗ ಖಾಲಿಯಿತ್ತು. ಏನು ಬರೆದರೂ ಅದು ಮತ್ತೆ ಹನುಮಕ್ಕನ ಕೆಲಸವನ್ನು ತನ್ನ ಕೈಬರಹದಲ್ಲಿ ಬರೆದಂತೆಯೇ. ಆದರೂ ಬರೆದಳು: 'ವಿಂಗಡಣಾ ಪಾಠವನ್ನು ಸಹಾಯಕಿ ಹನುಮಕ್ಕ ತಾವೇ ರೂಪಿಸಿ, ತಾವೇ ನಡೆಸುತ್ತಿದ್ದಾರೆ. ಹಲವು ವರ್ಷಗಳಿಂದ.' ಇಲಾಖೆಯಲ್ಲಿ ಇದನ್ನು ಯಾರೂ ಓದುವುದಿಲ್ಲ ಅಂತ ಇಬ್ಬರಿಗೂ ಗೊತ್ತಿತ್ತು. ಹನುಮಕ್ಕ ಮಾತ್ರ ಸಾಲಿನ ಕೆಳಗೆ ಬೆರಳಿಟ್ಟು ಪೂರ್ತಿ ಓದಿದಳು.

ಹನುಮಕ್ಕ ಸ್ಕೂಟಿಯವರೆಗೆ ಬಂದಳು. ಕೈಯಲ್ಲಿ ಚೀಲ.

ಅರುಣಾ ಅದನ್ನೇ ನೋಡಿದಳು. ಇದನ್ನು ಈ ವರ್ಷವೂ ಕೊಟ್ಟುಬಿಟ್ಟರೆ ತಾನು ಹೇಗೆ ಹೊರುವುದು?

ಹನುಮಕ್ಕ ಚೀಲವನ್ನು ಅವಳ ಕಾಲ ಬಳಿ, ಸ್ಕೂಟಿಯ ಹಲಗೆಯ ಮೇಲೆ, ಜಾರದ ಹಾಗೆ ಒತ್ತಿ ಕೂರಿಸಿದಳು.

"ಕೆರೆಪಾಳ್ಯ ನಿಮ್ ದಾರೀಲೇ ಅಲ್ವಾ ಮೇಡಂ?" ಎಂದಳು. ನಾಲಿಗೆ ಈಗ ತಿರುಗಿತ್ತು. "ಇದುನ್ನ ಕಲ್ಲಮ್ಮಂಗೆ ಕೊಟ್ಬುಡಿ. ಹನುಮಕ್ಕ ಕಳಿಸವ್ಳೆ ಅನ್ನಿ. ಸಂಜೆ ನಾನೇ ಫೋನ್ ಮಾಡ್ತೀನಿ, ನನ್ ತಪ್ಪು ನಾನು ಹೇಳ್ಕೊತೀನಿ. ನಿಮ್ದನ್ನ ನೀವು ಹೇಳಿ."

ಒಳಗೆ ಯಾವುದೋ ಮಗು ಎದ್ದು ಅಳತೊಡಗಿತು. ಹನುಮಕ್ಕ ತಿರುಗಿ ನೋಡದೆ ಒಳಗೆ ಹೋದಳು. "ಬಂದೆ ಬಂದೆ ನನ್ ಕೂಸೇ" ಎನ್ನುವ ದನಿ ಹೊರಗೂ ಕೇಳಿಸಿತು.

ಹುರುಳಿ ಹರಡಿದ ರಸ್ತೆಯಲ್ಲಿ ಮುದುಕಿ ಇನ್ನೂ ಕೂತಿದ್ದಳು. "ಈಗ ಒಸಿ ಭಾರ ಆಗೈತೆ ಗಾಡಿ," ಎಂದು ಕೂಗಿದಳು. "ಅಂಗೇ ನಿಧಾನ್ಕೆ ಹೋಗು!" ಚಕ್ರದ ಕೆಳಗೆ ಕಾಯಿ ಚಟಪಟ ಒಡೆದವು. ಅವರೆಯ ಸೊಗಡು ಕಾಲಿನಿಂದ ಮೂಗಿಗೆ ಏರಿ ಬರುತ್ತಿತ್ತು.

ಕೆರೆಪಾಳ್ಯದ ಅಂಗನವಾಡಿಯ ಮುಂದೆ ಕಲ್ಲಮ್ಮ ಬಾಗಿಲಿಗೆ ಬೀಗ ಹಾಕುತ್ತಿದ್ದಳು. ಮೇಲ್ವಿಚಾರಕಿಯ ಗಾಡಿ ಕಂಡು ಗಾಬರಿಯಾಗಿ ಮತ್ತೆ ತೆಗೆಯಹೋದಳು.

"ತಪಾಸಣೆ ಅಲ್ಲ ಕಲ್ಲಮ್ಮ," ಎಂದಳು ಅರುಣಾ. ಬಗ್ಗಿ ಚೀಲ ಎತ್ತಿದಳು. ಅಂದುಕೊಂಡದ್ದಕ್ಕಿಂತ ಭಾರವಿತ್ತು. "ಇದು ಹನುಮಕ್ಕ ಕಳಿಸಿದ್ದು, ನಿಂಗೆ."

"ಹನುಮಕ್ಕನಾ? ನಂಗಾ?" ಕಲ್ಲಮ್ಮ ಬೀಗದ ಕೈ ಹಿಡಿದುಕೊಂಡೇ ನಿಂತಳು. "ಅಕ್ಕಂಗೆ ನನ್ ಮೇಲಿನ ಸಿಟ್ಟು ಹೋಯ್ತಾ? ಯಾಕಂತೆ ಮೇಡಂ ಅಷ್ಟು ದಿನ ಸಿಟ್ಟು? ನಾನ್ ಏನ್ ಮಾಡಿದ್ದೆ?"

ಅರುಣಾ ಸ್ಕೂಟಿಯ ಎಂಜಿನ್ ಆರಿಸಿ ಜಗಲಿಯ ಮೇಲೆ ಕೂತಳು.

"ನೀನೇನೂ ಮಾಡಿರಲಿಲ್ಲ," ಎಂದಳು. "ಕೂತ್ಕೋ, ಹೇಳ್ತೀನಿ."